ಬೀದಿಯ ಪಟವೂ ಕ್ಯಾಮರಾದ ಆಯ್ಕೆಯೂ

೧

ಸ್ವರ್ಣಾ ನದಿಯ ತೆಂಕಣ ದಡದಲ್ಲಿರುವ ಕಲ್ಯಾಣಪುರವು ತುಳುನಾಡಿನ ಹಳೆಯ ಊರುಗಳಲ್ಲೊಂದು. ಆರನೆಯ ಶತಮಾನದ ಕಾಸ್ಮಾಸನೆಂಬ ಗ್ರೀಕ್ ವರ್ತಕನು ತನ್ನ ಗ್ರಂಥದಲ್ಲಿ ಹೆಸರಿಸಿದ ‘ಕಲ್ಲಿಯಾನ’ವು ಈ ಊರೇ ಎಂದು ಕೆಲವರೂ, ಮುಂಬಯಿಯ ಬಳಿಯ ಕಲ್ಯಾಣವೆಂದು ಹಲವರೂ ವಾದಿಸಿರುವರು. ಆ ವಾದವು ಹೇಗಾದರೂ ಇರಲಿ. ೧೬೭೮ರಲ್ಲಿ ಸ್ಥಾಪನೆಗೊಂಡು ೨೦೧೨ರಲ್ಲಿ ಉಡುಪಿ ಧರ್ಮಪ್ರಾಂತ್ಯದ ಪ್ರಧಾನಾಲಯವಾದ ಮಿಲಾಗ್ರಿಸ್ ಇಗರ್ಜಿ, ವೆಂಕಟರಮಣ ದೇವಾಲಯ, ಹೊಳೆಯ ವ್ಯಾಪಾರ, ಸಂತೆಕಟ್ಟೆಯ ಸಂತೆ ಇವುಗಳಿರಲಾಗಿ ಊರಿನ ಚರಿತ್ರೆಯನ್ನು ಬರೆಯಹೊರಟವನಿಗೆ ಸಾಮಗ್ರಿಯ ಕೊರತೆಯಿಲ್ಲ. ಆದರೆ ಒಂದು ಚಿಕ್ಕ ಪ್ರಶ್ನೆಯನ್ನು ಕೇಳಿ ನೋಡಿರಿ: ನೂರು ವರ್ಷಗಳ ಹಿಂದೆ, ಹಬ್ಬವೂ ಉತ್ಸವವೂ ಇಲ್ಲದ ಒಂದು ಸಾಮಾನ್ಯ ದಿನದ ಬೆಳಗ್ಗೆ, ಈ ಪೇಟೆಯ ಬೀದಿಯು ಹೇಗೆ ಕಾಣಿಸುತ್ತಿತ್ತು? ಅಂಗಡಿಯ ಜಗಲಿಯಲ್ಲಿ ಕುಳಿತವರ ಭಂಗಿ ಎಂತಹುದು? ಬುಟ್ಟಿ ಹೊತ್ತ ಹೆಂಗಸು ತಲೆಯೆತ್ತಿ ಯಾರೊಡನೆ ಮಾತನಾಡುತ್ತಿದ್ದಳು? ಶಾಸನಗಳೂ ಇಗರ್ಜಿಯ ದಫ್ತರಗಳೂ ಈ ಪ್ರಶ್ನೆಗೆ ಉತ್ತರ ಕೊಡಲಾರವು.

ನಮ್ಮ ಮನೆಯಲ್ಲಿ ಅಜ್ಜಿಯ ಪಟವೊಂದಿದೆ. ಅದೊಂದೇ ಇದೆ. ಹಿಂದೆ ಬಣ್ಣದಲ್ಲಿ ಬರೆದ ಕಂಬ, ಮೆಟ್ಟಿಲು, ಹೂಕುಂಡಗಳ ಪರದೆ. ಮುಂದೆ ಒಂದು ಕುರ್ಚಿ. ಕುರ್ಚಿಯಲ್ಲಿ ಉಸಿರು ಬಿಗಿಹಿಡಿದು, ಕಣ್ಣನ್ನು ಒಂದೇ ಕಡೆ ನೆಟ್ಟು ಕುಳಿತ ಅಜ್ಜಿ. ನಾನು ಬಲ್ಲ ಅಜ್ಜಿಯು ಹಾಗೆ ಎಂದೂ ಕುಳಿತವಳಲ್ಲ. ಆಕೆ ಸಂತೆಯಿಂದ ಬುಟ್ಟಿಯನ್ನು ಸೊಂಟಕ್ಕಿಟ್ಟು, ದಾರಿಯಲ್ಲಿ ಸಿಕ್ಕವರನ್ನೆಲ್ಲ ಮಾತನಾಡಿಸುತ್ತ, ನಗುತ್ತ, ಬೈಯುತ್ತ ಬರುತ್ತಿದ್ದವಳು. ಆ ಅಜ್ಜಿಯ ಪಟ ಎಲ್ಲಿಯೂ ಇಲ್ಲ. ಇದು ನಮ್ಮೊಂದು ಮನೆಯ ಮಾತಲ್ಲ. ಜಿಲ್ಲೆಯ ಹೆಚ್ಚಿನ ಮನೆಗಳ ಗೋಡೆಗಳ ಮೇಲೆ ಇಂತಹ ಕಲ್ಲಾದ ಮುಖಗಳೇ ಉಳಿದಿರುವುವು.

ಇದಕ್ಕೆ ನಮ್ಮ ಹಿರಿಯರ ಸಂಕೋಚವೂ ಬಡತನವೂ ಕಾರಣವೆಂದು ಸುಲಭವಾಗಿ ಹೇಳಿಬಿಡಬಹುದು. ಅದು ಪೂರ್ಣ ಸತ್ಯವಲ್ಲ. ಆಯಾ ಕಾಲದ ಯಂತ್ರವು ಯಾವುದನ್ನು ಹಿಡಿಯಬಲ್ಲದಾಗಿತ್ತೋ ಅದು ಉಳಿಯಿತು. ಯಾವುದನ್ನು ಹಿಡಿಯಲಾರದಾಗಿತ್ತೋ ಅದು ಅಳಿಯಿತು. ಆದುದರಿಂದ ಫಿಲ್ಮಿನ ಕ್ಯಾಮರಾವನ್ನು ಕೊಂಡು ಬೀದಿಯ ಪಟಗಳನ್ನು ತೆಗೆಯಬೇಕೆಂದು ಇಂದು ಬಯಸುವ ತರುಣರು, ಯಾವ ಕ್ಯಾಮರಾ, ಯಾವ ಮಸೂರ ಎಂದು ಕೇಳುವುದಕ್ಕೆ ಮೊದಲು, ಈ ಯಂತ್ರದ ಚರಿತ್ರೆಯನ್ನು ತುಸು ತಿಳಿದರೆ ಒಳ್ಳೆಯದು. ಆ ಚರಿತ್ರೆಯು ಒಂದು ರೀತಿಯಲ್ಲಿ ಪಟ ತೆಗೆಯುವವನಿಗೂ ಜನರಿಗೂ ನಡುವೆ ಇದ್ದ ದೂರದ ಚರಿತ್ರೆಯೇ ಆಗಿದೆ.

೨

ಮೊದಲ ಯಂತ್ರವು ಬೀದಿಯನ್ನು ಬರಿದು ಮಾಡಿತು. ೧೮೩೮ರಲ್ಲಿ ಪ್ಯಾರಿಸ್ ನಗರದ ದಾಗೇರನು ತನ್ನ ಕಿಟಕಿಯಿಂದ ಒಂದು ದೊಡ್ಡ ಬೀದಿಯ ಚಿತ್ರವನ್ನು ಬೆಳ್ಳಿಯ ಲೇಪವಿದ್ದ ತಗಡಿನ ಮೇಲೆ ಇಳಿಸಿದನು. ಗಾಡಿಗಳೂ ಕುದುರೆಗಳೂ ಜನರೂ ತುಂಬಿದ್ದ ಹಗಲಿನ ಬೀದಿ ಅದು. ಆದರೆ ಚಿತ್ರದಲ್ಲಿ ಬೀದಿ ನಿರ್ಜನ. ತಗಡಿನ ಮೇಲೆ ಬೆಳಕು ಅಚ್ಚೊತ್ತುವುದಕ್ಕೆ ಹಲವು ನಿಮಿಷಗಳು ಬೇಕಾಗಿದ್ದುದರಿಂದ ಚಲಿಸುತ್ತಿದ್ದವರಾರ ಗುರುತೂ ಉಳಿಯಲಿಲ್ಲ. ಒಂದು ಮೂಲೆಯಲ್ಲಿ ಮಾತ್ರ, ಕಾಲನ್ನು ಮುಂದಿಟ್ಟು ಬೂಟುಗಳಿಗೆ ಪಾಲಿಶ್ ಮಾಡಿಸಿಕೊಳ್ಳುತ್ತ ನಿಂತಿದ್ದ ಒಬ್ಬ ಮನುಷ್ಯನ ಆಕೃತಿ ಕಾಣುವುದು. ಛಾಯಾಚಿತ್ರದಲ್ಲಿ ಮೂಡಿದ ಮೊತ್ತಮೊದಲ ಮನುಷ್ಯನೆಂದು ಅನೇಕರು ಆತನನ್ನೇ ಹೇಳುವರು. ಆತನು ಉಳಿದುದು ಪುಣ್ಯದಿಂದಲ್ಲ, ನಿಂತುಕೊಂಡಿದ್ದುದರಿಂದ.

ಮರುವರ್ಷ, ೧೮೩೯ರಲ್ಲಿ, ಈ ವಿದ್ಯೆಯು ಲೋಕಕ್ಕೆ ಬಹಿರಂಗವಾಯಿತು. ಮುಂಬಯಿಯಲ್ಲಿ ೧೮೫೪ರಲ್ಲಿಯೂ, ಕಲಕತ್ತೆ ಮತ್ತು ಮದರಾಸುಗಳಲ್ಲಿ ೧೮೫೬ರಲ್ಲಿಯೂ ಛಾಯಾಗ್ರಹಣ ಸಂಘಗಳು ಹುಟ್ಟಿದುವು. ಕನ್ನಡ ನಾಡಿನಲ್ಲಿ ಬಹು ಮೊದಲಿಗೆ ಈ ಕೆಲಸವನ್ನು ಮಾಡಿದವರಲ್ಲಿ ಲಿನೇಯಸ್ ಟ್ರೈಪ್ ಎಂಬ ಮದರಾಸು ಸೈನ್ಯದ ಅಧಿಕಾರಿಯು ಮುಖ್ಯನು. ಆತನು ೧೮೫೪ರ ದಶಂಬರದಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿ ಹಳೇಬೀಡು, ಬೇಲೂರು, ಶ್ರವಣಬೆಳಗೊಳಗಳ ಚಿತ್ರಗಳನ್ನು ಕಾಗದದ ನೆಗೆಟಿವುಗಳ ಮೇಲೆ ತೆಗೆದನು. ಹೊಯ್ಸಳರ ಕೆತ್ತನೆಯ ಸೊಬಗು ಆ ಪಟಗಳಲ್ಲಿ ಇಂದಿಗೂ ಕಣ್ಣಿಗೆ ಹಬ್ಬ. ಕೆತ್ತನೆಯ ಮೇಲಿನ ಗೌರವವೂ, ಕಟ್ಟಡಗಳ ದಾಖಲೆ ಬೇಕೆಂಬ ಸರಕಾರದ ಆಸೆಯೂ ಆತನನ್ನು ದೇಗುಲಗಳ ಕಡೆಗೆ ಎಳೆದಿರಬಹುದು. ಆದರೆ ಕಲ್ಲು ಕದಲುವುದಿಲ್ಲವೆಂಬುದನ್ನೂ ಮರೆಯಬಾರದು. ಬೇಲೂರಿನ ಶಿಲಾಬಾಲಿಕೆಯು ಎಷ್ಟು ಹೊತ್ತು ಬೇಕಾದರೂ ನಿಲ್ಲುವಳು. ಬೇಲೂರಿನ ಬೀದಿಯಲ್ಲಿ ನೀರು ಹೊತ್ತು ಹೋಗುವ ಹೆಣ್ಣುಮಗಳು ನಿಲ್ಲಳು. ಹೀಗಾಗಿ ಒಬ್ಬಳು ಚರಿತ್ರೆಯೊಳಗೆ ಸೇರಿದಳು, ಇನ್ನೊಬ್ಬಳು ಸೇರಲಿಲ್ಲ.

೩

ಎರಡನೆಯ ಯಂತ್ರವು ಜನರನ್ನು ಹಿಡಿಯಿತು. ಆದರೆ ಅವರನ್ನು ಕದಲದಂತೆ ಕಟ್ಟಿ ನಿಲ್ಲಿಸಿತು. ೧೮೫೧ರಲ್ಲಿ ಫ್ರೆಡರಿಕ್ ಸ್ಕಾಟ್ ಆರ್ಚರನು ಪ್ರಕಟಿಸಿದ ಒದ್ದೆ ಗಾಜಿನ ಪದ್ಧತಿಯಲ್ಲಿ ಕಾಲವು ನಿಮಿಷಗಳಿಂದ ಸೆಕೆಂಡುಗಳಿಗೆ ಇಳಿಯಿತು. ಆದರೆ ಗಾಜಿನ ಹಲಗೆಗೆ ರಸ ಬಳಿದು, ಅದು ಆರುವುದರೊಳಗೆ ಚಿತ್ರ ತೆಗೆದು, ಆರುವುದರೊಳಗೇ ತೊಳೆಯಬೇಕಾಗಿತ್ತು. ಅಂದರೆ ಛಾಯಾಗ್ರಾಹಕನು ಹೋದಲ್ಲೆಲ್ಲ ಕತ್ತಲೆಯ ಡೇರೆ, ರಸಾಯನಗಳ ಸೀಸೆಗಳು, ಮೂರು ಕಾಲಿನ ಮಣೆ, ಹೊರುವ ಆಳುಗಳು ಇವೆಲ್ಲ ಹೋಗಬೇಕು. ಇಷ್ಟು ದಂಡು ಬಂದಿಳಿದ ಬೀದಿಯು ಬೀದಿಯಾಗಿ ಉಳಿಯುವುದೆಂತು? ಜನರು ಒಂದೋ ಓಡಿಹೋಗುವರು, ಇಲ್ಲವೆ ಗುಂಪುಗೂಡಿ ಬಾಯ್ತೆರೆದು ನಿಲ್ಲುವರು.

ಅಂತಹ ಯಂತ್ರವು ಆಳುವವರ ಕೈಯಲ್ಲಿದ್ದಾಗ ಏನಾಯಿತೆಂಬುದಕ್ಕೆ ಎರಡು ಗ್ರಂಥಮಾಲೆಗಳು ಸಾಕ್ಷಿ. ೧೮೬೮ರಿಂದ ೧೮೭೫ರ ವರೆಗೆ ಎಂಟು ಸಂಪುಟಗಳಲ್ಲಿ ಹೊರಬಂದ ‘ಭಾರತದ ಜನರು’ ಎಂಬ ಸರಕಾರಿ ಪ್ರಕಟನೆ ಒಂದು. ೧೯೦೯ರಲ್ಲಿ ಏಳು ಸಂಪುಟಗಳಲ್ಲಿ ಬಂದ, ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳನ್ನು ಕುರಿತ, ಎಡ್ಗರ್ ಥರ್ಸ್ಟನ್ ಮತ್ತು ರಂಗಾಚಾರಿಯವರ ಗ್ರಂಥ ಇನ್ನೊಂದು. ಇವುಗಳಿಂದ ವಿದ್ವಾಂಸರಿಗೆ ಆದ ಉಪಕಾರವನ್ನು ಅಲ್ಲಗಳೆಯಲಾಗದು. ಆದರೆ ಆ ಪಟಗಳಲ್ಲಿ ಮನುಷ್ಯನಿಗೆ ಸಾಮಾನ್ಯವಾಗಿ ಹೆಸರಿಲ್ಲ. ಜಾತಿಯ ಹೆಸರು ಉಂಟು. ಸಂಗ್ರಹಾಲಯದ ಪೆಟ್ಟಿಗೆಯಲ್ಲಿ ಚಿಟ್ಟೆಯನ್ನು ಸೂಜಿಯಿಂದ ಚುಚ್ಚಿ, ಕೆಳಗೆ ಚೀಟಿಯನ್ನು ಅಂಟಿಸಿದ ಹಾಗೆ.

ನಮ್ಮ ಜಿಲ್ಲೆಗೆ ಹತ್ತಿರವಾದುದು ಬಾಸೆಲ್ ಮಿಶನಿನವರ ಸಂಗ್ರಹ. ೧೮೩೪ರಲ್ಲಿ ಮಂಗಳೂರಿಗೆ ಬಂದ ಈ ಮಿಶನಿನವರು ಮುದ್ರಣಾಲಯ, ಹೆಂಚಿನ ಕಾರ್ಖಾನೆ, ಶಾಲೆಗಳನ್ನು ಸ್ಥಾಪಿಸಿದುದು ವಾಚಕರಿಗೆ ತಿಳಿದೇ ಇದೆ. ೧೮೪೩ರಲ್ಲಿ ‘ಮಂಗಳೂರು ಸಮಾಚಾರ’ವನ್ನು ಹೊರಡಿಸಿದ ಮೋಗ್ಲಿಂಗನು ಈ ಮಿಶನಿನವನೇ. ಅವರು ಕೆನರಾ, ಮಲಬಾರು, ಕೊಡಗುಗಳಲ್ಲಿ ತೆಗೆದ ಮತ್ತು ತೆಗೆಸಿದ ಚಿತ್ರಗಳು ಸ್ವಿಜರ್ಲೆಂಡಿನ ಬಾಸೆಲ್ ನಗರದ ದಫ್ತರಖಾನೆಯಲ್ಲಿ ಇಂದಿಗೂ ಜೋಪಾನವಾಗಿರುವುವು. ಅಂತಹ ಸಂಗ್ರಹಗಳಲ್ಲಿ ಶಾಲೆಯ ಮಕ್ಕಳು ಸಾಲಾಗಿ ನಿಂತಿರುವರು, ಕಾರ್ಖಾನೆಯ ಕೆಲಸಗಾರರು ಸಾಲಾಗಿ ಕುಳಿತಿರುವರು. ಈ ಪಟಗಳು ಇಲ್ಲದಿದ್ದರೆ ನಮ್ಮ ಕರಾವಳಿಯ ಹಳೆಯ ಉಡುಗೆತೊಡುಗೆ, ಮನೆಮಾರುಗಳ ವಿಷಯದಲ್ಲಿ ನಾವು ಇನ್ನಷ್ಟು ಕುರುಡರಾಗುತ್ತಿದ್ದೆವು. ಆದರೂ ಸಾಲು ಮುಗಿದು, “ಸಾಕು, ಇನ್ನು ಹೋಗಬಹುದು” ಎಂದ ಮರುಕ್ಷಣದಲ್ಲಿ ಆ ಮಕ್ಕಳ ಮುಖದಲ್ಲಿ ಅರಳಿರಬಹುದಾದ ನಗೆಯನ್ನು ಯಾವ ಗಾಜೂ ಹಿಡಿಯಲಿಲ್ಲ.

೪

ಮೂರನೆಯ ಯಂತ್ರದ ಹುಟ್ಟು ಹೆಚ್ಚು ರಸವತ್ತಾದ ಕಥೆ. ೧೮೭೧ರಲ್ಲಿ ಮ್ಯಾಡಾಕ್ಸನು ಒಣ ಗಾಜಿನ ಪದ್ಧತಿಗೆ ದಾರಿ ತೋರಿದುದರಿಂದ ಕತ್ತಲೆಯ ಡೇರೆಯು ತಪ್ಪಿತು. ೧೮೮೮ರಲ್ಲಿ ಅಮೆರಿಕದ ಜಾರ್ಜ್ ಈಸ್ಟ್‌ಮನ್ನನು ನೂರು ಚಿತ್ರಗಳ ಸುರುಳಿಯನ್ನು ತುಂಬಿದ ಕೊಡಾಕ್ ಪೆಟ್ಟಿಗೆಯನ್ನು ೨೫ ಡಾಲರಿಗೆ ಮಾರಿದನು. ಸುರುಳಿ ಮುಗಿದ ಬಳಿಕ ಪೆಟ್ಟಿಗೆಯನ್ನೇ ಕಾರ್ಖಾನೆಗೆ ಕಳುಹಿದರೆ ಪಟಗಳು ಸಿದ್ಧವಾಗಿ ಬರುತ್ತಿದ್ದುವು. ೧೯೦೦ರಲ್ಲಿ ಬಂದ ಬ್ರೌನಿ ಪೆಟ್ಟಿಗೆಯ ಬೆಲೆ ಒಂದೇ ಡಾಲರು. ಪಟ ತೆಗೆಯುವುದು ಪಂಡಿತರ ಕೈತಪ್ಪಿ ಮಕ್ಕಳ ಕೈಗೂ ಬಂದಿತು.

ಆದರೆ ಬೀದಿಗೆ ತಕ್ಕ ಯಂತ್ರವನ್ನು ಕೊಟ್ಟವನು ಜರ್ಮನಿಯ ವೆಟ್ಸ್‌ಲಾರ್ ಎಂಬ ಊರಿನ ಆಸ್ಕರ್ ಬಾರ್ನಾಕ್. ಸೂಕ್ಷ್ಮದರ್ಶಕಗಳನ್ನು ಮಾಡುವ ಲೈಟ್ಸ್ ಕಾರ್ಖಾನೆಯಲ್ಲಿ ಈತನು ಯಂತ್ರಶಿಲ್ಪಿ. ದಮ್ಮಿನ ರೋಗಿಯಾದ ಈತನಿಗೆ ಗಾಜಿನ ಹಲಗೆಗಳ ಭಾರವಾದ ಪೆಟ್ಟಿಗೆಯನ್ನು ಬೆಟ್ಟಗುಡ್ಡಗಳಲ್ಲಿ ಹೊರಲಾಗುತ್ತಿರಲಿಲ್ಲ. ಸಿನಿಮಾಕ್ಕೆಂದು ತಯಾರಾಗುತ್ತಿದ್ದ ೩೫ ಮಿಲಿಮೀಟರು ಅಗಲದ ಸುರುಳಿಯನ್ನೇ ಅಡ್ಡಲಾಗಿ ಓಡಿಸಿ, ೨೪ಕ್ಕೆ ೩೬ ಮಿಲಿಮೀಟರಿನ ಚಿಕ್ಕ ನೆಗೆಟಿವನ್ನು ಪಡೆದು, ಅದನ್ನು ಆಮೇಲೆ ದೊಡ್ಡದು ಮಾಡಿಕೊಳ್ಳಬಾರದೇಕೆ ಎಂದು ಆತನು ಯೋಚಿಸಿದನು. ೧೯೧೪ರ ಹೊತ್ತಿಗೆ ಮಾದರಿಯೊಂದು ಸಿದ್ಧವಾಗಿತ್ತು. ಯುದ್ಧದ ಕಾರಣ ಕೆಲಸ ನಿಂತಿತು. ಯುದ್ಧಾನಂತರದ ಕಷ್ಟಕಾಲದಲ್ಲಿ ಕಾರ್ಖಾನೆಯ ಒಡೆಯನಾದ ಎರ್ನ್‌ಸ್ಟ್ ಲೈಟ್ಸನು ಧೈರ್ಯಮಾಡಿ ಒಪ್ಪಿದುದರಿಂದ ೧೯೨೫ರ ಲೈಪ್‌ಜಿಗ್ ಜಾತ್ರೆಯಲ್ಲಿ ಲೈಕಾ ಕ್ಯಾಮರಾವು ಲೋಕಕ್ಕೆ ಕಾಣಿಸಿಕೊಂಡಿತು. ಮ್ಯಾಕ್ಸ್ ಬೆರೆಕನು ರಚಿಸಿದ ೫೦ ಮಿಲಿಮೀಟರಿನ ಮಸೂರ, ಸೆಕೆಂಡಿನ ಐನೂರನೆಯ ಒಂದು ಪಾಲಿನ ವರೆಗಿನ ಶಟರು, ಒಂದು ಸುರುಳಿಗೆ ೩೬ ಚಿತ್ರಗಳು. ಇಡೀ ಯಂತ್ರವು ಕೋಟಿನ ಕಿಸೆಯಲ್ಲಿ ಹಿಡಿಯುತ್ತಿತ್ತು. ರೋಗಿಯೊಬ್ಬನ ಉಬ್ಬಸದಿಂದ ಲೋಕದ ಬೀದಿಗಳಿಗೆ ಕಣ್ಣು ಬಂದಿತೆಂದರೆ ಅತಿಶಯೋಕ್ತಿಯಾಗದು.

ಅದೇ ದೇಶದ ಬ್ರೌನ್‌ಶ್ವೈಗಿನ ಫ್ರಾಂಕೆ ಮತ್ತು ಹೈಡೆಕೆ ಎಂಬವರು ೧೯೨೯ರಲ್ಲಿ ರೋಲೈಫ್ಲೆಕ್ಸ್ ಕ್ಯಾಮರಾವನ್ನು ಹೊರತಂದರು. ಒಂದರ ಮೇಲೊಂದು ಎರಡು ಮಸೂರಗಳು. ಮೇಲಿನದು ನೋಡುವುದಕ್ಕೆ, ಕೆಳಗಿನದು ಚಿತ್ರ ತೆಗೆಯುವುದಕ್ಕೆ. ಇದನ್ನು ಎದೆಯ ಕೆಳಗೆ ಹಿಡಿದು, ತಲೆ ತಗ್ಗಿಸಿ, ಮಂಜುಗಾಜಿನ ಮೇಲೆ ಬಿಂಬವನ್ನು ನೋಡಬೇಕು. ಎದುರಿನವರಿಗೆ ಪಟ ತೆಗೆಯುವವನ ಕಣ್ಣು ಕಾಣದು, ನೆತ್ತಿ ಕಾಣುವುದು, ನಮಸ್ಕರಿಸಿದಂತೆಯೇ ತೋರುವುದು. ಭಾರತದ ಮೊದಲ ಮಹಿಳಾ ಪತ್ರಿಕಾ ಛಾಯಾಗ್ರಾಹಕಿಯೆಂದು ಪ್ರಸಿದ್ಧರಾದ ಹೋಮಾಯಿ ವ್ಯಾರಾವಾಲಾ ಅವರು ದಿಲ್ಲಿಯಲ್ಲಿ ಈ ಬಗೆಯ ಕ್ಯಾಮರಾವನ್ನು ಬಳಸಿದವರಲ್ಲೊಬ್ಬರು. ಇತ್ತ ೧೯೩೨ರಲ್ಲಿ ಲೈಕಾವನ್ನು ಕೈಗೆತ್ತಿಕೊಂಡ ಫ್ರಾನ್ಸಿನ ಆನ್ರಿ ಕಾರ್ಟಿಯೆ ಬ್ರೆಸ್ಸೋನನು ಬಹುಮಟ್ಟಿಗೆ ೫೦ ಮಿಲಿಮೀಟರಿನ ಒಂದೇ ಮಸೂರದಿಂದ ಲೋಕವನ್ನೆಲ್ಲ ಸುತ್ತಿದನು. ೧೯೪೮ನೆಯ ಜನವರಿ ೩೦ರಂದು ಗಾಂಧೀಜಿಯವರನ್ನು ಕಂಡು ಅವರ ಪಟ ತೆಗೆದು ಬಂದವನು, ಅದೇ ಸಂಜೆ ಅವರ ಹತ್ಯೆಯಾದ ಬಳಿಕ ಅಳುವ ಜನಸಮುದ್ರದ ನಡುವೆ ನಿಂತು ಪಟ ತೆಗೆಯಬೇಕಾಯಿತು. ಕೈಯಲ್ಲಿದ್ದುದು ಚಿಕ್ಕ ಕ್ಯಾಮರಾ ಆಗಿರದಿದ್ದರೆ ಆ ಇರುಳಿನ ಕಂಬನಿಗಳು ನಮಗೆ ಕಾಣುತ್ತಿರಲಿಲ್ಲ.

ಕನ್ನಡಿಗರು ಈ ವಿಷಯದಲ್ಲಿ ಹಿಂದುಳಿದವರಲ್ಲ. ಕಲ್ಯಾಣಪುರಕ್ಕೆ ಬಡಗಣ ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರು ೧೯೩೦ರ ಸುಮಾರಿಗೇ ‘ಡೊಮಿಂಗೊ’, ‘ಭೂತರಾಜ್ಯ’ ಎಂಬ ಮೂಕಚಿತ್ರಗಳ ಸಾಹಸಕ್ಕೆ ಕೈಯಿಕ್ಕಿದ್ದರು. ಬೀದಿಯ ಜನರ ವಿಷಯದಲ್ಲಿ ಮಾತ್ರ ನಾವು ಮೊದಲು ನೆನೆಯಬೇಕಾದವರು ಮೈಸೂರಿನ ಟಿ. ಎಸ್. ಸತ್ಯನ್. ೧೯೨೩ರಲ್ಲಿ ಹುಟ್ಟಿ, ೧೯೪೮ರಲ್ಲಿ ಬೆಂಗಳೂರಿನ ‘ಡೆಕ್ಕನ್ ಹೆರಾಲ್ಡ್’ ಪತ್ರಿಕೆಯನ್ನು ಸೇರಿ, ಅನಂತರ ಸ್ವತಂತ್ರವಾಗಿ ದೇಶವಿದೇಶಗಳ ಪತ್ರಿಕೆಗಳಿಗೆ ದುಡಿದ ಅವರು ೨೦೦೯ರಲ್ಲಿ ತೀರಿಕೊಂಡರು. ೧೯೭೭ರಲ್ಲಿ ಪದ್ಮಶ್ರೀ ಪ್ರಶಸ್ತಿ ಸಂದಿತು. ೧೯೭೯ರ ಅಂತಾರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಅವರು ತೆಗೆದ ಮಕ್ಕಳ ಪಟಗಳು ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಪ್ರದರ್ಶಿತವಾದುವು. ‘ಕಾಲಕ್ಕೆ ಕನ್ನಡಿ’ ಎಂಬುದು ಅವರ ಕನ್ನಡ ಗ್ರಂಥದ ಹೆಸರು. ವಿಶ್ವೇಶ್ವರಯ್ಯನವರಂತಹ ಮಹನೀಯರನ್ನು ಚಿತ್ರಿಸಿದ ಅದೇ ಕಣ್ಣಿನಿಂದ ಅವರು ಹೆಸರಿಲ್ಲದ ತಾಯಿ ಮಕ್ಕಳನ್ನೂ, ದುಡಿಯುವ ಕೈಗಳನ್ನೂ ಚಿತ್ರಿಸಿದರು. ಆ ಪಟಗಳಲ್ಲಿ ಚಿಟ್ಟೆಯ ಪೆಟ್ಟಿಗೆಯ ಚೀಟಿಯಿಲ್ಲ. ಎದುರಿಗೆ ನಿಂತು ಮಾತನಾಡಿಸಿದವನ ಸಲಿಗೆಯುಂಟು.

೫

ಇಷ್ಟು ಚರಿತ್ರೆಯಿಂದ ತಿಳಿಯುವುದೇನು? ಯಂತ್ರವು ಚಿಕ್ಕದಾದಷ್ಟೂ, ಬೇಗದ್ದಾದಷ್ಟೂ, ಪಟ ತೆಗೆಯುವವನು ಜನರ ಹತ್ತಿರಕ್ಕೆ ಬರಲು ಸಾಧ್ಯವಾಯಿತು. ಸಾಧ್ಯವಾಯಿತೆಂದೆನೇ ಹೊರತು ಬಂದೇ ಬಂದನೆಂದು ಹೇಳಲಿಲ್ಲ. ಎಷ್ಟು ಹತ್ತಿರ ಬರುವನೆಂಬುದನ್ನು ಇನ್ನು ಮಸೂರವು ನಿರ್ಣಯಿಸುವುದು.

ಮಸೂರದ ಸಂಗಮದೂರವನ್ನು ಮಿಲಿಮೀಟರುಗಳಲ್ಲಿ ಹೇಳುವರು. ಅದರ ಅರ್ಥವನ್ನು ಬೀದಿಯ ಲೆಕ್ಕಕ್ಕೆ ಇಳಿಸಿದರೆ ಹೀಗಾಗುವುದು. ೩೫ ಮಿಲಿಮೀಟರು ಫಿಲ್ಮಿನ ಕ್ಯಾಮರಾವನ್ನು ಅಡ್ಡಲಾಗಿ ಹಿಡಿದು, ನಿಂತ ಮನುಷ್ಯನೊಬ್ಬನನ್ನು ತಲೆಯ ಮೇಲೂ ಕಾಲ ಕೆಳಗೂ ತುಸು ಎಡೆ ಬಿಟ್ಟು, ಅಂದರೆ ಎರಡು ಮೀಟರು ಎತ್ತರದ ಜಾಗವನ್ನು, ಚಿತ್ರದಲ್ಲಿ ಕೂಡಿಸಬೇಕೆನ್ನೋಣ. ೧೩೫ ಮಿಲಿಮೀಟರಿನ ಮಸೂರವಾದರೆ ಸುಮಾರು ೧೧ ಮೀಟರು ದೂರದಲ್ಲಿ ನಿಲ್ಲಬೇಕು. ೯೦ ಆದರೆ ಏಳೂವರೆ ಮೀಟರು. ೫೦ ಆದರೆ ನಾಲ್ಕು ಮೀಟರಿಗೆ ತುಸು ಹೆಚ್ಚು. ೩೫ ಆದರೆ ಮೂರು ಮೀಟರಿಗೆ ತುಸು ಕಡಿಮೆ. ೨೮ ಆದರೆ ಎರಡೂಕಾಲು ಮೀಟರಿನ ಸುಮಾರು. ಹನ್ನೊಂದು ಮೀಟರೆಂದರೆ ಅಗಲವಾದ ರಸ್ತೆಯ ಆಚೆಯ ಬದಿ, ಅಲ್ಲಿಂದ ಕೂಗಬೇಕು. ನಾಲ್ಕು ಮೀಟರೆಂದರೆ ಜಗಲಿಯಿಂದ ಅಂಗಳ. ಅಲ್ಲಿಂದ ಗುರುತಿಸಿ ನಗಬಹುದು. ಮೂರು ಮೀಟರೆಂದರೆ ಗಿರಾಕಿಯೂ ಮಾರುವವರೂ ಚೌಕಾಸಿ ಮಾಡುವಾಗ ಅವರ ಹಿಂದೆ ಸರದಿ ಕಾಯುತ್ತ ನಿಂತವನ ದೂರ. ಅಲ್ಲಿಂದ ಸಾಮಾನ್ಯ ದನಿಯಲ್ಲಿ ಮಾತನಾಡಬಹುದು.

ನಾನು ಮೊದಲು ಸಂತೆಕಟ್ಟೆಗೆ ಹೋದುದು ೧೩೫ರ ಮಸೂರದೊಡನೆ. ದೂರದಿಂದ ತೆಗೆದರೆ ಯಾರಿಗೂ ತೊಂದರೆಯಿಲ್ಲವೆಂದು ನನ್ನ ಭಾವನೆ. ಮೀನು ಮಾರುವ ಹೆಂಗಸೊಬ್ಬರ ಪಟವನ್ನು ರಸ್ತೆಯ ಆಚೆಯಿಂದ ತೆಗೆದೆನು. ಅಚ್ಚು ಹಾಕಿಸಿ ನೋಡಿದಾಗ ಮುಖ ಸ್ಪಷ್ಟವಾಗಿದ್ದಿತು. ಹಿಂದಿನ ಸಂತೆಯೆಲ್ಲ ಮಸುಕಾಗಿ ಕರಗಿಹೋಗಿದ್ದಿತು. ಆದರೆ ಅದು ಕದ್ದು ನೋಡಿದ ಪಟದಂತೆ ತೋರಿತು. ಕದ್ದು ನೋಡಿದ್ದೇ ನಿಜವಲ್ಲವೇ? ಅವರು ಎಲ್ಲಿ ಕುಳಿತಿದ್ದರೆಂಬುದೂ ಅದರಲ್ಲಿ ಇರಲಿಲ್ಲ. ಕಲ್ಯಾಣಪುರದ ಸಂತೆಯೋ ಕಾರ್ಕಳದ್ದೋ ಎಂದು ಹೇಳುವ ಒಂದು ಗುರುತೂ ಇರಲಿಲ್ಲ. ಸ್ಟುಡಿಯೋದ ಪರದೆಗೂ ಆ ಮಸುಕಿಗೂ ಏನು ಭೇದ? ನಮ್ಮ ಅಜ್ಜಿಗೆ ಆದುದೇ ಅವರಿಗೂ ಆಯಿತು.

ಹತ್ತಿರದ ಮಸೂರಕ್ಕೆ ಇನ್ನೊಂದು ಗುಣವುಂಟು. ಬೆಳಕಿನ ಕಂಡಿಯನ್ನು ಎಫ್/೮ಕ್ಕೆ ಇಟ್ಟು, ೩೫ರ ಮಸೂರವನ್ನು ಮೂರು ಮೀಟರಿಗೆ ಹೊಂದಿಸಿಬಿಟ್ಟರೆ, ಎರಡು ಮೀಟರಿಗೂ ಒಳಗಿನಿಂದ ಹಿಡಿದು ಏಳು ಮೀಟರಿನ ವರೆಗೆ ಇದ್ದುದೆಲ್ಲ ಸಾಕಷ್ಟು ಸ್ಪಷ್ಟವಾಗಿ ಮೂಡುವುದು. ೫೦ರ ಮಸೂರದಲ್ಲಿ ಅದೇ ಹೊಂದಿಕೆಯು ೨.೩ ಮೀಟರಿನಿಂದ ೪.೨ ಮೀಟರಿನ ವರೆಗೆ ಮಾತ್ರ ನಡೆಯುವುದು. ಅಂದರೆ ಮೊದಲನೆಯದರಲ್ಲಿ ಪ್ರತಿ ಸಲವೂ ಉಂಗುರ ತಿರುಗಿಸುವ ಗೊಡವೆಯಿಲ್ಲ. ಕಣ್ಣು ಯಂತ್ರದ ಮೇಲಿರದೆ ಜನರ ಮೇಲಿರುವುದು. ೪೦೦ರ ವೇಗದ ಫಿಲ್ಮಾದರೆ ಮೋಡ ಕವಿದ ದಿನದಲ್ಲಿಯೂ ಎಫ್/೮ಕ್ಕೆ ಸೆಕೆಂಡಿನ ಇನ್ನೂರೈವತ್ತನೆಯ ಒಂದು ಪಾಲಿನ ಹತ್ತಿರದ ವೇಗವು ಸಿಕ್ಕುವುದು. ಉರಿಬಿಸಿಲಿನಲ್ಲಿ ಎಫ್/೧೬ಕ್ಕೆ ಐನೂರನೆಯ ಒಂದು ಪಾಲು. ಇದು ಬೆಳಕಳೆಯುವ ಸಾಧನವಿಲ್ಲದೆಯೇ ಬಾಯಲ್ಲಿ ಇಟ್ಟುಕೊಳ್ಳಬಹುದಾದ ಲೆಕ್ಕ.

೬

ಇನ್ನು ಯಾವ ಕ್ಯಾಮರಾ? ಹಳೆಯ ಕ್ಯಾಮರಾಗಳನ್ನೇ ಕೊಳ್ಳಬೇಕಾಗಿರುವ ಈ ಕಾಲದಲ್ಲಿ ಮೂರು ಬಗೆಗಳನ್ನು ತೂಗಿ ನೋಡಬಹುದು.

ಮೊದಲನೆಯದು ರೋಲೈಫ್ಲೆಕ್ಸ್ ಬಗೆ. ಒಂದು ಸುರುಳಿಗೆ ೧೨ ದೊಡ್ಡ ಚೌಕ ಚಿತ್ರಗಳು. ಶಟರಿನ ಸದ್ದು ಬಹು ಮೆಲುವು. ಆದರೆ ಮಂಜುಗಾಜಿನಲ್ಲಿ ಎಡಬಲಗಳು ಅದಲುಬದಲಾಗಿ ಕಾಣುವುದರಿಂದ ನಡೆಯುವವರನ್ನು ಹಿಂಬಾಲಿಸುವುದು ಕಷ್ಟ. ನಿಂತು ಮಾತನಾಡಿಸಿ ತೆಗೆಯುವ ಪಟಗಳಿಗೆ ಇದಕ್ಕೆ ಸರಿಯಾದುದಿಲ್ಲ. ನಮ್ಮ ದೇಶದಲ್ಲಿಯೇ ಬರೋಡೆಯ ನ್ಯೂ ಇಂಡಿಯಾ ಇಂಡಸ್ಟ್ರೀಸಿನವರು ತಯಾರಿಸುತ್ತಿದ್ದ ಅಗ್ಫಾ ಕ್ಲಿಕ್ ೩ ಎಂಬ ಅಗ್ಗದ ಪೆಟ್ಟಿಗೆಯೂ ಇದೇ ಅಳತೆಯ ಸುರುಳಿಯದು. ಒಂದು ತಲೆಮಾರಿನ ಮನೆಮನೆಯ ಪಟಗಳನ್ನು ಇದು ತೆಗೆಯಿತು. ಆದರೆ ಅದರ ಶಟರಿನ ವೇಗ ಒಂದೇ ಆಗಿದ್ದುದರಿಂದ ಬಿಸಿಲು ಬೇಕು, ನಿಂತ ಜನರು ಬೇಕು.

ಎರಡನೆಯದು ಲೈಕಾ ಬಗೆ. ಬದಿಯ ಕಿಟಕಿಯಿಂದ ನೋಡುವುದರಿಂದ ಚಿತ್ರದ ಚೌಕಟ್ಟಿನ ಹೊರಗಿನಿಂದ ಒಳಕ್ಕೆ ಬರುತ್ತಿರುವವರನ್ನೂ ಕಾಣಬಹುದು. ೧೯೫೪ರ ಎಂ೩ರಲ್ಲಿ ೫೦ರ ಮಸೂರಕ್ಕೂ, ೧೯೫೭ರ ಎಂ೨ರಲ್ಲಿ ೩೫ರದಕ್ಕೂ ಕಿಟಕಿಯೊಳಗೇ ಗೆರೆಗಳನ್ನು ಕೊಟ್ಟಿರುವರು. ಬೀದಿಗೆ ಇದಕ್ಕಿಂತ ಹೊಂದುವ ಯಂತ್ರವನ್ನು ಕಾಣೆನು. ಆದರೆ ಬೆಲೆಯು ಸಾಧಾರಣ ಗೃಹಸ್ಥರ ಕೈಗೆ ನಿಲುಕದು. ಇದೇ ಜಾತಿಯ, ಮಸೂರವನ್ನು ಬದಲಾಯಿಸಲಾಗದ, ಜಪಾನಿನ ಚಿಕ್ಕ ಕ್ಯಾಮರಾಗಳುಂಟು. ೧೯೭೯ರ ಒಲಿಂಪಸ್ ಎಕ್ಸ್‌ಎ ಕ್ಯಾಮರಾವು ೩೫ರ ಮಸೂರದೊಡನೆ ಅಂಗಿಯ ಕಿಸೆಯಲ್ಲಿ ಅಡಗುವುದು. ಆದರೆ ವಿದ್ಯುತ್ಕೋಶವಿಲ್ಲದೆ ಅದು ನಡೆಯದು.

ಮೂರನೆಯದು ಒಳಗೆ ಕನ್ನಡಿಯಿರುವ ಬಗೆ. ೧೯೭೬ರಿಂದ ೧೯೯೭ರ ವರೆಗೆ ತಯಾರಾದ ಪೆಂಟಾಕ್ಸ್ ಕೆ೧೦೦೦, ೧೯೮೨ರ ನಿಕಾನ್ ಎಫ್‌ಎಂ೨ ಇವು ಪ್ರಸಿದ್ಧ. ಕನ್ನಡಿ ಏಳುವ ಸದ್ದು ದೊಡ್ಡದು. ಚಿತ್ರ ತೆಗೆವ ಕ್ಷಣದಲ್ಲಿ ನೋಟವು ಕಪ್ಪಾಗುವುದು. ಆದರೆ ಇವುಗಳ ಶಟರು ಪೂರ್ಣವಾಗಿ ಯಾಂತ್ರಿಕ. ವಿದ್ಯುತ್ಕೋಶವು ಸತ್ತರೆ ಬೆಳಕಳೆಯುವ ಸಾಧನ ಮಾತ್ರ ನಿಲ್ಲುವುದು, ಕ್ಯಾಮರಾ ನಿಲ್ಲದು. ಹಳೆಯ ಕ್ಯಾಮರಾಗಳಲ್ಲಿ ಕೆಲವಕ್ಕೆ ಬೇಕಾದ ಪಾದರಸದ ಕೋಶಗಳು ಈಗ ತಯಾರಾಗುತ್ತಿಲ್ಲವೆಂಬುದನ್ನು ನೆನೆದರೆ ಇದು ಸಣ್ಣ ಅನುಕೂಲವಲ್ಲ. ಸಾಧಾರಣ ಕುಟುಂಬದವರಿಗೆ ನಾನು ಹೇಳುವುದು ಇದನ್ನೇ: ಯಾಂತ್ರಿಕ ಶಟರಿನ ಇಂತಹದೊಂದು ಕ್ಯಾಮರಾ, ಅದಕ್ಕೆ ೩೫ರ ಒಂದು ಮಸೂರ. ಕ್ಯಾಮರಾದೊಡನೆ ೫೦ರದೇ ಬಂದಿದ್ದರೆ ಅದರಿಂದಲೇ ಆರಂಭಿಸಬಹುದು. ಬ್ರೆಸ್ಸೋನನಿಗೆ ಸಾಕಾದುದು ನಮಗೂ ಸಾಕು. ಉಡುಪಿಯ ರಥಬೀದಿಯಲ್ಲಿ ಎರಡು ವರ್ಷಗಳಿಗೊಮ್ಮೆ ಜನವರಿಯಲ್ಲಿ ನಡೆಯುವ ಪರ್ಯಾಯದ ಇರುಳನ್ನು ಹಿಡಿಯಬೇಕೆನ್ನುವವರು ಎಫ್/೨ರ ಮಸೂರವನ್ನು ನೋಡಿಕೊಳ್ಳಲಿ. ಅದು ಎಫ್/೪ಕ್ಕಿಂತ ನಾಲ್ಕು ಪಾಲು ಬೆಳಕನ್ನು ಒಳಕ್ಕೆ ಬಿಡುವುದು.

ಎಲ್ಲಕ್ಕಿಂತ ಮಿಗಿಲಾಗಿ ನಮ್ಮ ಕರಾವಳಿಯವರು ಗಮನಿಸಬೇಕಾದುದು ಮಳೆಗಾಲ. ಮುಂಬಯಿಯಲ್ಲಿದ್ದ ನನ್ನ ಸೋದರಮಾವನವರು ಕೊಟ್ಟ ಮಸೂರವೊಂದನ್ನು ಚರ್ಮದ ಚೀಲದಲ್ಲಿ ಸುತ್ತಿ, ಮರದ ಕಪಾಟಿನಲ್ಲಿ ಭದ್ರವಾಗಿ ಇಟ್ಟೆನೆಂದು ನಾನು ಹೆಮ್ಮೆಪಟ್ಟಿದ್ದೆನು. ಎರಡು ಆಟಿ ಕಳೆದು ತೆರೆದರೆ ಗಾಜಿನೊಳಗೆ ಜೇಡನ ಬಲೆಯಂತೆ ಬೂಷ್ಟು ಹಬ್ಬಿದ್ದಿತು. ಅದನ್ನು ಬಿಚ್ಚಿ ಒರಸಿದರೂ ಗಾಜಿನ ಲೇಪವನ್ನು ತಿಂದ 
ಗುರುತು ಹೋಗಲಿಲ್ಲ. ಚರ್ಮವೂ ಕತ್ತಲೆಯೂ ತೇವವೂ ಕೂಡಿದರೆ ಬೂಷ್ಟಿಗೆ ಮನೆ ಕಟ್ಟಿಕೊಟ್ಟಂತೆ. ಗಾಳಿಯಾಡದ ಡಬ್ಬಿ, ಅದರೊಳಗೆ ತೇವ ಹೀರುವ ಸಿಲಿಕಾ ಹರಳು, ಹರಳನ್ನು ಆಗಾಗ ಬಿಸಿಮಾಡಿ ಒಣಗಿಸುವುದು, ಇಷ್ಟು ಸಾಕು. ಕೊಳ್ಳುವಾಗಲೂ ಮಸೂರವನ್ನು ದೀಪಕ್ಕೆ ಹಿಡಿದು ನೋಡದೆ ಹಣ ಕೊಡಬಾರದು.

ಫಿಲ್ಮು ಇಂದು ದುಬಾರಿಯ ವಸ್ತು. ೧೯೬೦ರಲ್ಲಿ ಉದಕಮಂಡಲದಲ್ಲಿ ಸ್ಥಾಪಿತವಾಗಿ ‘ಇಂದು’ ಎಂಬ ಹೆಸರಿನ ಫಿಲ್ಮನ್ನು ತಯಾರಿಸುತ್ತಿದ್ದ ಹಿಂದೂಸ್ಥಾನ್ ಫೋಟೋ ಫಿಲ್ಮ್ಸ್ ಎಂಬ ಸರಕಾರಿ ಕಾರ್ಖಾನೆಯು ಮುಚ್ಚಿಹೋಗಿದೆ. ಹೊರದೇಶದ ಫಿಲ್ಮನ್ನೇ ನೆಚ್ಚಬೇಕು. ಕಪ್ಪು ಬಿಳುಪಿನ ಸುರುಳಿಯನ್ನು ಮನೆಯಲ್ಲಿಯೇ ತೊಳೆಯಲು ಕಲಿತರೆ ಖರ್ಚು ಇಳಿಯುವುದು. ಕೈಗೊಂದು ದೂರವಾಣಿಯೂ ಅದರಲ್ಲೊಂದು ಕ್ಯಾಮರಾವೂ ಇರುವಾಗ ಈ ಶ್ರಮವೇಕೆಂದು ಕೇಳುವವರಿಗೆ ನನ್ನ ಉತ್ತರವಿಷ್ಟೇ: ೩೬ ಚಿತ್ರಗಳು ಮಾತ್ರ ಇರುವವನು ಒಂದೊಂದಕ್ಕೂ ಮೊದಲು ಎದುರಿನ ಮನುಷ್ಯನನ್ನು ನೋಡುವನು. ಮತ್ತು ಜೋಪಾನ ಮಾಡಿದ ನೆಗೆಟಿವನ್ನು ನೂರು ವರ್ಷದ ಬಳಿಕ ಮೊಮ್ಮಗಳೊಬ್ಬಳು ಕಿಟಕಿಯ ಬೆಳಕಿಗೆ ಹಿಡಿದರೆ ಸಾಕು, ಬೇರೆ ಯಂತ್ರದ ಹಂಗಿಲ್ಲದೆ ಅದು ಕಾಣಿಸುವುದು.

೭

೩೫ರ ಮಸೂರದೊಡನೆ ನಾನು ಮತ್ತೆ ಸಂತೆಕಟ್ಟೆಗೆ ಹೋದೆನು. ಆ ಮೀನಿನವರ ಮುಂದೆ ನಿಂತು, “ಅಕ್ಕಾ, ಒಂದು ಪಟ ತೆಗೆಯಲಾ?” ಎಂದು ಕೇಳಿದೆನು. ಅವರು ಮೊದಲು ಸೆರಗು ಸರಿಪಡಿಸಿಕೊಂಡು, ನಮ್ಮ ಅಜ್ಜಿಯಂತೆಯೇ ಬಿಗಿದು ಕುಳಿತರು. ನಾನು ತೆಗೆಯಲಿಲ್ಲ, ಬಂಗುಡೆಯ ಕ್ರಯ ಕೇಳಿದೆನು. ಕ್ರಯ ಹೇಳಿದರು, ಹೆಚ್ಚಾಯಿತೆಂದೆನು, ಬೈದರು. ಪಕ್ಕದಲ್ಲಿ ಮಲ್ಲಿಗೆಯ ಚೆಂಡು ಇಟ್ಟುಕೊಂಡಿದ್ದವರು ನಕ್ಕರು. ಆಗ ತೆಗೆದೆನು. ಆ ಚಿತ್ರದಲ್ಲಿ ಮೀನಿನವರೂ, ಹೂವಿನವರೂ, ಬುಟ್ಟಿ ಹಿಡಿದ ಗಿರಾಕಿಯೂ, ಹಿಂದಿನ ಅಂಗಡಿಯ ಹೆಂಚಿನ ಮಾಡೂ ಎಲ್ಲ ಒಟ್ಟಿಗೆ ಇರುವುವು. ಅವರು ತುಳುವಿನಲ್ಲಿ ಕೇಳಿದುದನ್ನು ಕನ್ನಡದಲ್ಲಿ ಹೇಳುವುದಾದರೆ, “ಪಟ ತೆಗೆದಿರಲ್ಲ, ನನಗೊಂದು ಕೊಡಲಿಕ್ಕುಂಟಾ?” ಎಂದು. ಮುಂದಿನ ಸಂತೆಗೆ ಒಂದು ಪ್ರತಿಯನ್ನು ಒಯ್ದು ಕೊಟ್ಟೆನು. ಅವರು ಬಹಳ ಹೊತ್ತು ನೋಡಿ, ತಮ್ಮ ತಾಯಿಯೂ ಇದೇ ಜಾಗದಲ್ಲಿ ಕುಳಿತು ಮಾರುತ್ತಿದ್ದರೆಂದೂ, ಅವರದೊಂದು ಪಟವೂ ಇಲ್ಲವೆಂದೂ ಹೇಳಿದರು.

ಕೇಳಿ ತೆಗೆಯುವುದು, ತೆಗೆದುದನ್ನು ಕೊಡುವುದು, ಬೇಡವೆಂದವರನ್ನು ಬಿಟ್ಟುಬಿಡುವುದು, ಪಟದ ಹಿಂದೆ ದಿನಾಂಕವನ್ನೂ ಸ್ಥಳವನ್ನೂ ಅವರು ಒಪ್ಪಿದರೆ ಹೆಸರನ್ನೂ ಬರೆದಿಡುವುದು: ಯಾವ ಮಸೂರವನ್ನು ಕೊಂಡರೂ ಈ ನಾಲ್ಕು ಕ್ರಮಗಳನ್ನು ಅದರೊಡನೆ ಇಟ್ಟುಕೊಳ್ಳಬೇಕು. ಥರ್ಸ್ಟನ್ನನ ಕಾಲದ ಚೀಟಿಗೂ ನಮ್ಮ ಕೈಬರಹಕ್ಕೂ ಇರುವ ಅಂತರ ಇಷ್ಟರಲ್ಲಿಯೇ ಅಡಗಿದೆ. ನಮ್ಮ ಜಿಲ್ಲೆಯ ಹಳೆಯ ಪೇಟೆಗಳ ಮಾಳಿಗೆ ಮನೆಗಳು ಒಂದೊಂದಾಗಿ ಬೀಳುತ್ತಿವೆ; ಜಗಲಿಗಳು ಹೋಗಿ ಗಾಜಿನ ಬಾಗಿಲುಗಳು ಬರುತ್ತಿವೆ. ಊರಿಗೊಬ್ಬ ತರುಣನೋ ತರುಣಿಯೋ ತಿಂಗಳಿಗೊಂದು ಸುರುಳಿಯಂತೆ ತಮ್ಮ ಬೀದಿಯನ್ನು ಮೂರು ಮೀಟರಿನ ದೂರದಿಂದ ನೋಡುತ್ತ ಬಂದರೆ, ಮುಂದೆ ಚರಿತ್ರೆ ಬರೆಯುವವನು ಕಲ್ಯಾಣಪುರದ ಒಂದು ಸಾಮಾನ್ಯ ಬೆಳಗು ಹೇಗಿತ್ತೆಂದು ಕೇಳಿದಾಗ ಉತ್ತರಕ್ಕಾಗಿ ಬಾಸೆಲಿಗೆ ಹೋಗಬೇಕಾಗದು.